ಖರ್ಜ ಬಿಡದ ಚಿಕ್ಕ ತಂಬೂರಿ

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಿಂದ ಹುಬ್ಬಳ್ಳಿಗೆ ಹೊರಟ ಬಸ್ಸಿನಲ್ಲಿ ಐದಡಿಯ ತಂಬೂರಿಯನ್ನು ಎಲ್ಲಿಡುವುದು? ತೊಡೆಯ ಮೇಲೆ ನಿಲ್ಲದು, ನೂಕುನುಗ್ಗಲಿನಲ್ಲಿ ಬುರುಡೆ ಉಳಿಯದು. ಹಳ್ಳಿಯಿಂದ ಸಂಗೀತ ಕಲಿಯಲು ಹೋಗುವ ಮಕ್ಕಳು ಮೊಬೈಲಿನ ಶ್ರುತಿಗೆ ಒಗ್ಗಿಕೊಂಡರೆ ಅವರನ್ನು ದೂರುವಂತಿಲ್ಲ. ಆದರೆ ತಂತಿ ಮಿಡಿಯುತ್ತ, ಶ್ರುತಿ ಕೂಡಿಸುತ್ತ ಕಿವಿ ಕಲಿಯುವ ಪಾಠವನ್ನು ಮೊಬೈಲು ಕಲಿಸದು. ಒಯ್ಯಲು ಹಗುರಾದ, ಪಳಗಿದ ಕೈಯಲ್ಲಿ ತಯಾರಾದ ಚಿಕ್ಕ ತಂಬೂರಿ ಈ ಮಕ್ಕಳಿಗೆ ಸಿಗಲೇಬೇಕು.

ಆ ಪಳಗಿದ ಕೈ ಮಹಾರಾಷ್ಟ್ರದ ಮೀರಜದಲ್ಲಿದೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಸಿತಾರ, ತಂಬೂರಿಗಳ ಕಸುಬಿಗೆ ಹೊರಳಿದರು. 2024ರಲ್ಲಿ ಈ ವಾದ್ಯಗಳಿಗೆ ಜಿಐ ಮಾನ್ಯತೆಯೂ ಬಂತು. ನಮ್ಮ ಜಿಲ್ಲೆಗೂ ಮೀರಜಕ್ಕೂ ಹಳೆಯ ನಂಟು. ಅಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಗಾಯನ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರಿಗೆ ಇಳಿದು ಬಂತು.

ದೊಡ್ಡ ತಂಬೂರಿಗೆ ಪಂಢರಪುರದ ಕಡೆಯ ಕಹಿ ಸೋರೆ ಬರುತ್ತದೆ. ಒಣಗಿದ ಬುರುಡೆಯನ್ನು ಕೊಯ್ದು, ನೀರಿನಲ್ಲಿ ನೆನೆಸಿ, ಒಳಗಿನ ತಿರುಳು ಕೆರೆದು, ಬಾಯಿ ಅಗಲವಾಗಿ ನಿಲ್ಲಲೆಂದು ಅಡ್ಡಕಡ್ಡಿ ಕೊಟ್ಟು ಮತ್ತೆ ಒಣಗಿಸುತ್ತಾರೆ. ಚಿಕ್ಕ ತಂಬೂರಿಗಳಲ್ಲಿ ಹಲವಕ್ಕೆ ಬುರುಡೆಯೇ ಇಲ್ಲ, ಕಟ್ಟಿಗೆಯ ಚಪ್ಪಟೆ ಹೊಟ್ಟೆ. ಕಷ್ಟ ಶುರುವಾಗುವುದು ಇಲ್ಲೇ. ತಂತಿ ಗಿಡ್ಡವಾದಾಗ ಅದೇ ಖರ್ಜ, ಅಂದರೆ ಕೆಳಗಿನ ಷಡ್ಜ, ಬೇಕೆಂದರೆ ಸಡಿಲ ಬಿಡಬೇಕು, ಇಲ್ಲವೇ ದಪ್ಪ ತಂತಿ ಹಾಕಬೇಕು. ಸಡಿಲ ಬಿಟ್ಟರೆ ಸ್ವರ ಅಲುಗುತ್ತದೆ. ದಪ್ಪದ್ದು ಹಾಕಿದರೆ ದನಿ ಮಂಕಾಗುತ್ತದೆ.

ಪಾಶ್ಚಾತ್ಯ ವಾದ್ಯವೃಂದಕ್ಕೆ ವಿಯೋಲಾ ಮಾಡುವವರ ಕಷ್ಟವೂ ಇದೇ. ವಯಲಿನ್ನಿನ ಮೈ ಸುಮಾರು 14 ಇಂಚು. ಅದಕ್ಕಿಂತ ಪಂಚಮದಿಂದ ಷಡ್ಜಕ್ಕೆ ಇಳಿದಷ್ಟು ಕೆಳಗಿನ ಶ್ರುತಿಯ ವಿಯೋಲಾ ಅದೇ ಲೆಕ್ಕದಲ್ಲಿ 21 ಇಂಚು ಇರಬೇಕು. ಅದನ್ನು ಗದ್ದದಡಿ ಹಿಡಿದು ನುಡಿಸುವುದು ಯಾರಿಂದಲೂ ಆಗದು. ಇಂಗ್ಲೆಂಡಿನ ವಿಯೋಲಾ ವಾದಕ ಲಯನಲ್ ಟರ್ಟಿಸ್ 1930ರ ದಶಕದಲ್ಲಿ ವಾದ್ಯ ತಯಾರಕ ಆರ್ಥರ್ ರಿಚರ್ಡ್‌ಸನ್ ಅವರ ಜೊತೆಗೂಡಿ 16¾ ಇಂಚಿನ ಮಾದರಿ ರೂಪಿಸಿದರು. ತಾಸುಗಟ್ಟಲೆ ತಾಲೀಮಿನಲ್ಲಿ ಭುಜ ಸೋಲುವ ವಾದಕರಿಗಾಗಿ 15 ಇಂಚಿನ ಆಸುಪಾಸಿನವೂ ತಯಾರಾಗುತ್ತವೆ. ಉದ್ದ ಕಡಿಮೆ ಮಾಡಿ, ಕೆಳಮೈ ಅಗಲಿಸಿ, ಪಕ್ಕೆ ಎತ್ತರಿಸಿ ಒಳಗಿನ ಗಾಳಿಗೆ ಜಾಗ ಉಳಿಸುತ್ತಾರೆ. ನುಡಿಸುವವರ ಮೈಗೆ ವಾದ್ಯವನ್ನು ಹೊಂದಿಸುವ ಈ ಕೆಲಸವನ್ನು ನಾನು ದೊಡ್ಡ ವಾದ್ಯದ ಕೆಲಸಕ್ಕಿಂತ ಮೇಲೆಂದೇ ಎಣಿಸುತ್ತೇನೆ.

ತಂಬೂರಿಯಲ್ಲಿ ಕೊನೆಯ ಪರೀಕ್ಷೆ ಜವಾರಿಯದು. ತಂತಿಗಳನ್ನು ಹೊರುವ ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ, ತಂತಿ ಮಿಡಿದು, ಕೇಳಿ, ಮತ್ತೆ ಉಜ್ಜುತ್ತಾರೆ. ಆಮೇಲೆ ತಂತಿಯಡಿ ನೂಲಿನ ಎಳೆ ಸರಿಸುತ್ತ ಹೋದರೆ ಒಂದು ಕಡೆ ದನಿ ತಟ್ಟನೆ ಅರಳುತ್ತದೆ.

ಚಿಕ್ಕ ತಂಬೂರಿ ಮಾಡಿಸುವವರು ಉದ್ದ, ತೂಕ ಹೇಳುವ ಮೊದಲು ತಮ್ಮ ಷಡ್ಜ ಯಾವುದೆಂದು ಹೇಳಬೇಕು. ಕಸುಬುದಾರರ ಎದುರು ಕೂತು ಹಾಡಿ ತೋರಿಸಿದರೆ ಇನ್ನೂ ಒಳ್ಳೆಯದು. ಮೀರಜಕ್ಕೆ ಹುಬ್ಬಳ್ಳಿಯಿಂದ ನೇರ ರೈಲಿದೆ.