ಶಿರಾ ಪಟ್ಟಣದಲ್ಲಿ ಎರಡು ದಿನ

ದಂಪತಿಗಳಿಬ್ಬರೇ ಎರಡು ದಿನ ಊರು ಬಿಟ್ಟು ಹೋಗಿಬರುವುದೆಂಬುದು ನಮ್ಮ ಕಡೆಯ ಸಂಸಾರಗಳಲ್ಲಿ ಸುಲಭವಾಗಿ ಒಪ್ಪಿಗೆ ದೊರೆಯುವ ವಿಷಯವಲ್ಲ. ತೀರ್ಥಯಾತ್ರೆಯೆಂದರೆ ಯಾರೂ ಅಡ್ಡ ಬರುವುದಿಲ್ಲ. ಮದುವೆ ಮುಂಜಿಗಳೆಂದರೆ ಕೇಳುವುದೇ ಬೇಡ. ಆದರೆ ಗಂಡಹೆಂಡಿರು ಬರಿದೆ ಊರು ನೋಡಲು ಹೊರಟರೆಂದರೆ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುವುದುಂಟು. ಈಚೆಗೆ ಈ ಕಟ್ಟು ಕೆಲಮಟ್ಟಿಗೆ ಸಡಿಲಿದೆ. ತುಮಕೂರಿನಲ್ಲಿ ನಾವಿರುವ ಉಪ್ಪಾರಹಳ್ಳಿಯಂತಹ ಬಡಾವಣೆಯಿಂದಲೂ, ಪರದೇಶದಲ್ಲಿರುವ ಮಕ್ಕಳನ್ನು ಕಾಣಲು ಹೋದವರು ರೋಮ್, ಪ್ಯಾರಿಸ್ ಮೊದಲಾದ ಪುರಾತನ ನಗರಗಳನ್ನು ನೋಡಿ ಬರುತ್ತಿದ್ದಾರೆ. ಅಂತಹ ನೆರೆಯವರೊಬ್ಬರು ರೋಮಿನ ಕೊಲೊಸಿಯಮ್ಮಿನ ಚಿತ್ರವನ್ನು ತೋರಿಸುತ್ತ, ಆ ಮಹಾರಂಗದ ಕಲ್ಲುಗಳನ್ನು ಶತಮಾನಗಳ ಕಾಲ ಕಿತ್ತೊಯ್ದು ಅರಮನೆಗಳನ್ನೂ ಇಗರ್ಜಿಗಳನ್ನೂ ಕಟ್ಟಿದ ಸಂಗತಿಯನ್ನು ಬಣ್ಣಿಸಿದರು. ಆಗ ನಮ್ಮ ಮನಸ್ಸಿಗೆ ಬಂದುದು ಶಿರಾ. ಒಂದು ಊರನ್ನು ಬರಿದುಮಾಡಿ ಇನ್ನೊಂದನ್ನು ತುಂಬಿದ ಕಥೆ ನಮ್ಮ ಜಿಲ್ಲೆಯಲ್ಲಿಯೇ, ತುಮಕೂರಿನಿಂದ ಸುಮಾರು ೫೦ ಕಿಲೋಮೀಟರು ದೂರದಲ್ಲಿಯೇ ಇರುವಾಗ ನಾವು ಅದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೊರತು ಇಳಿದು ನೋಡಿರಲಿಲ್ಲ.

ಪ್ರಯಾಣಕ್ಕೆ ತಾಯಿಯವರ ಅಪ್ಪಣೆ ದೊರೆತುದು ಸೀಬಿಯ ದೆಸೆಯಿಂದ. ಹೆದ್ದಾರಿಯಲ್ಲಿ ಅರ್ಧ ದಾರಿಗೆ ಸಿಕ್ಕುವ ಸೀಬಿ ನರಸಿಂಹಸ್ವಾಮಿಗೆ ಹಣ್ಣುಕಾಯಿ ಮಾಡಿಸುವುದಾಗಿ ನಮ್ಮಾಕೆ ಹೇಳಿದ ಕೂಡಲೇ ಎಲ್ಲವೂ ಯಾತ್ರೆಯೆನಿಸಿಬಿಟ್ಟಿತು. ಚಿತ್ರಾನ್ನ, ಮೊಸರನ್ನ, ಒಂದು ಡಬ್ಬಿ ಕೋಡುಬಳೆ ಕಟ್ಟಿಕೊಂಡು ಫಾಲ್ಗುಣದ ಒಂದು ಬೆಳಗ್ಗೆ ಹೊರಟೆವು.

ಸೀಬಿಯ ಗುಡಿಯನ್ನು ಕಟ್ಟಿಸಿದವರು ಟಿಪ್ಪೂ ಸುಲ್ತಾನನ ಆಡಳಿತದಲ್ಲಿ ದಿವಾನರಾಗಿದ್ದ ಕಚೇರಿ ಕೃಷ್ಣಪ್ಪನವರ ಮೂವರು ಮಕ್ಕಳು: ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ. ಮಂಗಳಾರತಿಯಾದೊಡನೆ ಹೊರಟುಬಿಡುವ ಭಕ್ತರು ತಲೆಯೆತ್ತಿ ಮುಖಮಂಟಪದ ಮೇಲ್ಛಾವಣಿಯನ್ನು ನೋಡುವುದು ವಿರಳ. ಅಲ್ಲಿ ಪುರಾಣದ ಕಥೆಗಳನ್ನೂ ರಾಜರ ಒಡ್ಡೋಲಗಗಳನ್ನೂ ಬಣ್ಣದಲ್ಲಿ ಬರೆದಿದ್ದಾರೆ. ಬಣ್ಣ ಮಾಸಿದೆ. ಆದರೂ ಕುತ್ತಿಗೆ ನೋಯುವವರೆಗೆ ನೋಡಬೇಕಾದ ಕೆಲಸವೇ ಸರಿ. ಮಸುಕಾದ ಒಂದೊಂದು ಪ್ರಸಂಗವನ್ನೂ ಗುರುತಿಸುವುದರಲ್ಲಿ ನಮ್ಮಾಕೆಯದೇ ಮೇಲುಗೈಯಾಯಿತು. ನಾವು ಬರಿದೆ ತಲೆಯಾಡಿಸಿದೆವು.

ಅಲ್ಲಿಂದ ಕಳ್ಳಂಬೆಳ್ಳದ ದೊಡ್ಡ ಕೆರೆಯನ್ನು ದಾಟಿ ಶಿರಾ ಸೇರಿದಾಗ ಬಿಸಿಲು ನೆತ್ತಿಗೇರಿತ್ತು. ಮಳೆ ಕಡಿಮೆಯಾದ ಸೀಮೆ. ಕಡಲೆಕಾಯಿಗೂ ಕುರಿಗೂ ಕಂಬಳಿಗೂ ಹೆಸರಾದುದು. ಈ ಒಣ ನೆಲದಲ್ಲಿ ಒಂದು ಸುಬಾದ ರಾಜಧಾನಿಯಿತ್ತೆಂದರೆ ಮೊದಲ ನೋಟಕ್ಕೆ ನಂಬಿಕೆ ಬಾರದು.

ವಾಚಕರಿಗೆ ಇಲ್ಲಿ ಸ್ವಲ್ಪ ಚರಿತ್ರೆಯನ್ನು ಅರಿಕೆಮಾಡಲೇಬೇಕು. ಅದಿಲ್ಲದೆ ಶಿರಾದಲ್ಲಿ ಕಾಣುವುದು ಅಲ್ಪ. ಇಲ್ಲಿಯ ಕೋಟೆಗೆ ಅಡಿಪಾಯ ಹಾಕಿದವನು ರತ್ನಗಿರಿಯ ಪಾಳೆಯಗಾರ ರಂಗಪ್ಪನಾಯಕ. ಕೆಲಸ ಮುಗಿಯುವ ಮೊದಲೇ, ೧೬೩೮ರ ಸುಮಾರಿನಲ್ಲಿ, ವಿಜಾಪುರದ ಸೇನಾನಿ ರಣದುಲ್ಲಾಖಾನನು ಊರನ್ನು ಹಿಡಿದನು. ಬಳಿಕ ೧೬೮೭ರಲ್ಲಿ ಮೊಗಲರು ಬಂದರು. ಅವರ ಸೇನಾನಿ ಖಾಸಿಂಖಾನನು ಆ ವರ್ಷವೇ ಬೆಂಗಳೂರನ್ನೂ ವಶಪಡಿಸಿಕೊಂಡಿದ್ದನು. ಆದರೆ ಬೆಂಗಳೂರನ್ನು ೩ ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟು, ಶಿರಾವನ್ನು ತಮ್ಮ ಕರ್ನಾಟಕ ಸುಬಾದ ರಾಜಧಾನಿಯನ್ನಾಗಿ ಇಟ್ಟುಕೊಂಡರು! ಇಂದು ಬೆಂಗಳೂರಿನಲ್ಲಿ ಮನೆ ಕಟ್ಟಲು ಒಂದಿಷ್ಟು ಜಾಗಕ್ಕಾಗಿ ಜನ್ಮವೆಲ್ಲ ದುಡಿಯುವ ಗೃಹಸ್ಥರು ಈ ಮಾತನ್ನು ಎರಡು ಸಲ ಓದಬಹುದು. ಬಸವಾಪಟ್ಟಣ, ಬೂದಿಹಾಳು, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರಗಳು ಶಿರಾದ ಸುಬೇದಾರನ ಆಳ್ವಿಕೆಗೆ ಸೇರಿದ್ದುವು.

ದಿಲಾವರಖಾನನು ಸುಬೇದಾರನಾಗಿದ್ದ ಕಾಲದಲ್ಲಿ ಊರು ಉಚ್ಛ್ರಾಯಸ್ಥಿತಿಗೆ ಬಂದಿತು. ಆಗ ೫೦,೦೦೦ ಮನೆಗಳಿದ್ದುವೆಂದು ಪ್ರತೀತಿ. ಲೆಕ್ಕ ಹೆಚ್ಚಾಗಿರಬಹುದು; ಅರ್ಧವೆಂದುಕೊಂಡರೂ ಅದು ಮಹಾನಗರವೇ. ಅವನು ಕಟ್ಟಿಸಿದ ಅರಮನೆಯನ್ನು ನೋಡಿಯೇ ಬೆಂಗಳೂರಿನ ಮತ್ತು ಶ್ರೀರಂಗಪಟ್ಟಣದ ಅರಮನೆಗಳನ್ನು ಕಟ್ಟಿದರೆಂದು ಹೇಳುತ್ತಾರೆ. ಇಲ್ಲಿಯ ಖಾನ್ ಬಾಗ್ ಎಂಬ ಉದ್ಯಾನವೇ ಬೆಂಗಳೂರಿನ ಲಾಲ್‌ಬಾಗಿಗೆ ಪ್ರೇರಣೆಯಾಗಿರಬೇಕೆಂದು ಗೆಜೆಟಿಯರು ಬರೆದಿದೆ. ಹೈದರಾಲಿಗೂ ಶಿರಾಕ್ಕೂ ಇದ್ದ ನಂಟನ್ನು ನೋಡಿದರೆ ಇದು ಸಂಭಾವ್ಯವೇ: ೧೭೬೧ರಲ್ಲಿ ಬಸಾಲತ್ ಜಂಗನಿಂದ ಅವನು ಪಡೆದ ಬಿರುದು ‘ಶಿರಾದ ನವಾಬ’ ಎಂಬುದೇ.

ಇಷ್ಟನ್ನೂ ಓದಿಕೊಂಡು ಹೋಗಿ ಅರಮನೆಯೆಲ್ಲಿ, ತೋಟವೆಲ್ಲಿ ಎಂದರೆ ತೋರಿಸಲು ಏನೂ ಉಳಿದಿಲ್ಲ. ಮಣ್ಣು ಮರಗಳ ಅರಮನೆ ಮಣ್ಣಿಗೇ ಸೇರಿತು. ಉಳಿದಿರುವುದು ಹಾಳು ಕೋಟೆ, ಅದರ ಕಂದಕ. ಮತ್ತು ಕಲ್ಲಿನ ಎರಡು ಕಟ್ಟಡಗಳು. ೧೬೯೬ರ ಜುಮ್ಮಾ ಮಸೀದಿಯದು ಗಟ್ಟಿಯಾದ, ಅಚ್ಚುಕಟ್ಟಾದ ಕಲ್ಲುಗೆಲಸ. ವಿಜಾಪುರದ ಕಾಲದ ಅಧಿಕಾರಿ ಮಲಿಕ್ ರಿಹಾನನ ಗೋರಿ ೧೬೫೧ರದು. ಅದರ ಗುಮ್ಮಟದ ನೆರಳಿನಲ್ಲಿ, ಆ ಬಿಸಿಲಿನಲ್ಲಿಯೂ, ತಂಪಿತ್ತು. ಹೊರಗೆ ಒಂದು ಮರದ ಕೆಳಗೆ ಬುತ್ತಿ ಬಿಚ್ಚಿದೆವು.

ಉಣ್ಣುತ್ತಿರುವಾಗ ನಮ್ಮಾಕೆ ಕೇಳಿದಳು: “ಅಷ್ಟು ಜನ ಎಲ್ಲಿ ಹೋದರು?”

ಯುದ್ಧಗಳಿಂದ ಊರು ಸೊರಗಿತೆಂಬುದು ನಿಜ. ಮರಾಠರೂ ಮೈಸೂರಿನವರೂ ಅದನ್ನು ಒಬ್ಬರ ಕೈಯಿಂದೊಬ್ಬರು ಕಸಿದುಕೊಂಡರು. ಆದರೆ ಕಡೆಯ ಪೆಟ್ಟು ಬೇರೆ. ಶ್ರೀರಂಗಪಟ್ಟಣದ ದ್ವೀಪದಲ್ಲಿ ಟಿಪ್ಪೂ ಸುಲ್ತಾನನು ಶಹರ್ ಗಂಜಾಂ ಎಂಬ ಹೊಸ ಪೇಟೆಯನ್ನು ಕಟ್ಟಿದಾಗ, ಅದನ್ನು ತುಂಬಲು ಶಿರಾದಿಂದ ೧೨,೦೦೦ ಸಂಸಾರಗಳನ್ನು ಬಲವಂತವಾಗಿ ಎಬ್ಬಿಸಿ ಸಾಗಿಸಿದನೆಂದು ಗೆಜೆಟಿಯರು ದಾಖಲಿಸಿದೆ. ಇದನ್ನು ಹೇಳಿದೆವು.

ಆಕೆ ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲಿಟ್ಟಳು. “ಹನ್ನೆರಡು ಸಾವಿರ ಒಲೆ,” ಎಂದಳು. “ಒರಳು ಬೀಸುವ ಕಲ್ಲುಗಳನ್ನು ಏನು ಮಾಡಿದರೋ! ಗಾಡಿಯಲ್ಲಿ ಎಷ್ಟು ಹಿಡಿದೀತು?”

ಇದು ಬರಿಯ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಆಕೆಯ ತವರು ಹಾಸನದ ಕಡೆಯ ಒಂದು ಹಳ್ಳಿ. ೧೯೭೯ರಲ್ಲಿ ಮುಗಿದ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಎಬ್ಬಿಸಿದಾಗ ಆಕೆ ಎಂಟು ವರ್ಷದ ಹುಡುಗಿ. ಸರ್ಕಾರ ಪರಿಹಾರ ಕೊಟ್ಟಿತು, ಬೇರೆ ಕಡೆ ಭೂಮಿ ಕೊಟ್ಟಿತು; ಅದನ್ನು ಇಲ್ಲವೆನ್ನಲಾಗದು. ಆದರೆ ನಡುಮನೆಯಲ್ಲಿ ಹೂಳಿದ್ದ ಒರಳನ್ನು ಕೀಳಲಾಗದೆ ಆಕೆಯ ತಾಯಿ ಅದಕ್ಕೆ ಅರಿಸಿನಕುಂಕುಮವಿಟ್ಟು ಬಂದರಂತೆ. ಮದುವೆಯಾಗಿ ಮೂವತ್ತು ವರ್ಷಗಳು ಮೀರಿದ್ದರೂ ಈ ಮಾತನ್ನು ನಾವು ಕೇಳಿದುದು ಶಿರಾದ ಆ ಮರದ ಕೆಳಗೇ. ಮನೆಯಲ್ಲಿ ಅದಕ್ಕೆ ಬಿಡುವೆಲ್ಲಿ? ಹಾಲಿನವನು, ಗ್ಯಾಸಿನವನು, ಮೊಮ್ಮಕ್ಕಳ ಶಾಲೆ.

“ನಮ್ಮ ಉಪ್ಪಾರಹಳ್ಳಿಯ ನಲ್ಲಿಗೆ ಬರುವುದೂ ಹೇಮಾವತಿಯ ನೀರೇ ಅಲ್ಲವೆ,” ಎಂದು ಆಕೆ ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು. ತುಮಕೂರಿಗೂ ಗುಬ್ಬಿ, ಕುಣಿಗಲ್ಲುಗಳ ಕಡೆಗೂ ನಾಲೆಯಲ್ಲಿ ಹರಿದು ಬರುವುದು ಆ ಜಲಾಶಯದ ನೀರೇ ಎಂಬುದನ್ನು ನಾವೆಲ್ಲ ಬಲ್ಲೆವು. ನೀರು ಬಾರದ ದಿನ ಬೈಯುವುದನ್ನೂ ಬಲ್ಲೆವು. ಅದನ್ನು ದಿನವೂ ಹಿಡಿದು ತುಂಬಿಡುವಾಕೆಯ ಮನಸ್ಸಿನಲ್ಲಿ ಏನಿತ್ತೆಂಬುದು ಮಾತ್ರ ಬೇರೆ ಮಾತು.

ಸಂಜೆ ಪೇಟೆಯಲ್ಲಿ ತಾಯಿಯವರಿಗೆ ಒಂದು ಕಂಬಳಿ ಕೊಂಡೆವು. ವಸತಿಗೃಹದ ವಿಷಯ ಹೇಳುವಂತಹದೇನೂ ಇಲ್ಲ. ಸೊಳ್ಳೆಪರದೆಯನ್ನು ಕೊಂಡೊಯ್ಯುವುದು ಲೇಸು.

ಮಾರನೆಯ ದಿನ ಹತ್ತಿರದ ಕಗ್ಗಲಡುವಿಗೆ ಹೋದೆವು. ಶಿರಾ ನೋಡಹೋದವರು ಇದನ್ನು ಬಿಡಬಾರದು. ಹಳ್ಳಿಯ ಹುಣಿಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ವರ್ಷವರ್ಷವೂ ಬಂದು ಗೂಡು ಕಟ್ಟಿ, ಮರಿಮಾಡಿಕೊಂಡು, ಮಳೆಗಾಲದ ನಡುವೆ ಹೊರಟುಹೋಗುತ್ತವೆ. ಬೆಳಗಿನ ಹೊತ್ತು ಹೋಗಬೇಕು. ದೂರದರ್ಶಕವಿದ್ದರೆ ಉತ್ತಮ, ಇಲ್ಲದಿದ್ದರೂ ಕೊರತೆಯಿಲ್ಲ. ಮನೆಗಳ ನೆತ್ತಿಯ ಮೇಲೆಯೇ ಗೂಡುಗಳು. ಅಂಗಳದಲ್ಲಿ ಹಿಕ್ಕೆ ಬೀಳುತ್ತದೆ, ಮೀನಿನ ನಾತ ಬರುತ್ತದೆ; ಊರಿನವರು ಅದನ್ನೆಲ್ಲ ಸಹಿಸಿಕೊಂಡು, ಯಾರೂ ಕಲ್ಲೆಸೆಯದಂತೆ ಕಾಯುತ್ತ ಬಂದಿದ್ದಾರೆ.

ಒಂದು ಮನೆಯ ಮುಂದೆ ಹುಣಿಸೆಹಣ್ಣು ಕುಟ್ಟುತ್ತಿದ್ದ ಹೆಂಗಸೊಬ್ಬಳನ್ನು ನಮ್ಮಾಕೆ ವಿಚಾರಿಸಿದಳು: “ಮರುವರ್ಷವೂ ಇದೇ ಮರಕ್ಕೆ ಬರುತ್ತವೇನಮ್ಮ?”

“ಬರದೆ ಎಲ್ಲಿಗೆ ಹೋಗ್ತವಕ್ಕ, ಅವುಗಳ ಊರೇ ಇದಲ್ಲವಾ,” ಎಂದು ಆಕೆ ಕುಳಿತುಕೊಳ್ಳಲು ಮಣೆ ಕೊಟ್ಟಳು.

ಹನ್ನೊಂದು ಗಂಟೆಯ ಬಸ್ಸಿಗೆ ಹೊರಡುವುದೆಂದು ನಿಶ್ಚಯಿಸಿದ್ದೆವು. ಒಂದು ಕೊಕ್ಕರೆ ಉದ್ದವಾದ ಕಡ್ಡಿಯೊಂದನ್ನು ಕೊಕ್ಕಿನಲ್ಲಿ ಕಚ್ಚಿ ತಂದು ಗೂಡಿನಲ್ಲಿ ಸಿಕ್ಕಿಸಲು ಮತ್ತೆ ಮತ್ತೆ ಹೆಣಗುತ್ತಿತ್ತು. ಅದು ಸರಿಯಾಗಿ ಕೂಡುವವರೆಗೆ ನಮ್ಮಾಕೆ ಮಣೆಯಿಂದ ಏಳಲಿಲ್ಲ. ನಾವು ಮುಂದಿನ ಬಸ್ಸಿಗೆ ಹೊರಟೆವು.