ಮನೆಯ ಹೊಸ್ತಿಲೂ ಕೈಯಲ್ಲಿಯ ಮೊಬೈಲೂ

ನಮ್ಮ ಶಾಲೆಯಲ್ಲಿ ಓದಿ ಹೋದ ಸೋದರಿಯರಲ್ಲಿ ಅನೇಕರು ಈಗ ಕಚೇರಿ, ಆಸ್ಪತ್ರೆ, ಶಾಲೆ, ಬ್ಯಾಂಕು ಮುಂತಾದೆಡೆಗಳಲ್ಲಿ ಉದ್ಯೋಗದಲ್ಲಿದ್ದು ಮನೆವಾರ್ತೆಯನ್ನೂ ನಡೆಸುತ್ತಿರುವರು. ಪ್ರತಿದಿನವೂ ಇವರ ಮನಸ್ಸು ಉದ್ಯೋಗದಿಂದ ಮನೆಗೂ ಮನೆಯಿಂದ ಉದ್ಯೋಗಕ್ಕೂ ದಾಟಬೇಕಾಗುವುದು. ಡಿಜಿಟಲ್ ಸಾಧನಗಳು ಈ ದಾಟುವಿಕೆಯನ್ನು ಹೇಗೆ ಮಾರ್ಪಡಿಸಿರುವುವೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲು ಯತ್ನಿಸುವೆವು.

ಹಿಂದೆ ಈ ದಾಟುವಿಕೆಗೆ ಗೊತ್ತಾದ ಹೊತ್ತೂ ದಾರಿಯೂ ಇದ್ದುವು. ಕಚೇರಿಯ ಬಾಗಿಲು ಮುಚ್ಚುವುದು, ಬಸ್ಸಿನ ಪ್ರಯಾಣ, ಮನೆಗೆ ಬಂದು ಕೈಕಾಲು ತೊಳೆದು ಸೀರೆ ಬದಲಾಯಿಸುವುದು, ಇವೆಲ್ಲವೂ ಒಂದು ಕರ್ತವ್ಯವನ್ನು ಇಳಿಸಿ ಇನ್ನೊಂದನ್ನು ಎತ್ತಿಕೊಳ್ಳಲು ಮನಸ್ಸಿಗೆ ಅವಕಾಶ ಕೊಡುತ್ತಿದ್ದುವು. ಮೊಬೈಲಿನಲ್ಲಿಯಾದರೋ ಮೇಲಧಿಕಾರಿಯ ಸಂದೇಶವೂ ಮಗಳ ಸಂದೇಶವೂ ಒಂದೇ ಪರದೆಯ ಮೇಲೆ ಬರುವುವು. 2020ನೆಯ ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಆದಾಗ ಅನೇಕರಿಗೆ ಊಟದ ಮೇಜೇ ಕಚೇರಿಯಾಯಿತು. ನಡುವಣ ದಾರಿಯೇ ಇಲ್ಲದೆ ಹೋಯಿತು.

ಇದರಿಂದಾಗುವ ನಷ್ಟವೇನು? ಅರ್ಧಕ್ಕೆ ಬಿಟ್ಟ ಕೆಲಸದ ಕಡೆ ಗಮನದ ಒಂದಂಶವು ಉಳಿದುಕೊಳ್ಳುವುದೆಂದು ಸೋಫಿ ಲೆರಾಯ್ ಎಂಬ ಸಂಶೋಧಕಿಯು 2009ರಲ್ಲಿ ತೋರಿಸಿಕೊಟ್ಟಿರುವಳು. ಮಗುವಿಗೆ ಪಾಠ ಹೇಳುತ್ತಿರುವ ತಾಯಿಯು ಕಚೇರಿಯ ಪತ್ರವೊಂದನ್ನು ಓದಿ ಮೊಬೈಲನ್ನು ಕೆಳಗಿಟ್ಟರೂ ಅವಳ ಮನಸ್ಸು ಪೂರ್ಣವಾಗಿ ಹಿಂದಿರುಗದಿರುವುದಕ್ಕೆ ಇದೇ ಕಾರಣವು. ಮಗುವೂ ಅದನ್ನು ಅರಿಯುವುದು.

ಆದರೆ ಈ ಸಾಧನವನ್ನು ಬರಿದೆ ದೂಷಿಸುವುದು ನ್ಯಾಯವಲ್ಲ. ಮಗಳು ಕ್ಷೇಮವಾಗಿ ಮನೆ ಸೇರಿದಳೆಂಬ ವರ್ತಮಾನವನ್ನು ಕಚೇರಿಯಲ್ಲಿದ್ದ ತಾಯಿಗೆ ತಲಪಿಸುವುದೂ ಇದೇ. ಅಲ್ಲದೆ ಎಲ್ಲರ ಸ್ವಭಾವವೂ ಒಂದೇ ಅಲ್ಲ. ಕ್ರಿಸ್ಟೀನಾ ನಿಪ್ಪರ್ಟ್-ಎಂಗ್ ಎಂಬ ಸಮಾಜಶಾಸ್ತ್ರಜ್ಞೆಯು 1996ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜನರು ಮನೆಯ ಮತ್ತು ಕಚೇರಿಯ ಬೀಗದ ಕೈಗಳನ್ನು ಒಂದೇ ಗೊಂಚಲಲ್ಲಿಡುವರೋ ಬೇರೆಬೇರೆಯಾಗಿಡುವರೋ ಎಂಬುದನ್ನು ಸಹ ವಿಚಾರಿಸಿರುವಳು. ಕೆಲವರು ಎರಡನ್ನೂ ಬೆರಸಿ ಸುಖವಾಗಿರುವರು. ಕೆಲವರಿಗೆ ಬೇರ್ಪಡಿಸಿದಲ್ಲದೆ ನೆಮ್ಮದಿಯಿಲ್ಲ. ಆ ಆಯ್ಕೆಯು ತಮ್ಮ ಕೈ ತಪ್ಪಿದಾಗಲೇ ಕಷ್ಟವು.

ಫ್ರಾನ್ಸ್ ದೇಶದಲ್ಲಿ 50 ಅಥವಾ ಹೆಚ್ಚು ನೌಕರರುಳ್ಳ ಸಂಸ್ಥೆಗಳು ಬಿಡುವಿನ ವೇಳೆಯ ಸಂದೇಶಗಳ ವಿಷಯದಲ್ಲಿ ನೌಕರರ ಪ್ರತಿನಿಧಿಗಳೊಡನೆ ಮಾತುಕತೆ ನಡೆಸಬೇಕೆಂಬ ಕಾನೂನು 2017ರ ಜನವರಿ 1ರಿಂದ ಜಾರಿಗೆ ಬಂದಿತು. ಆಸ್ಟ್ರೇಲಿಯದಲ್ಲಿ ಇಂಥ ಹಕ್ಕು 2024ರ ಆಗಸ್ಟ್ 26ರಿಂದ ದೊರೆಯತೊಡಗಿತು. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆಯವರು 2018ರಲ್ಲಿ ತಂದ ಖಾಸಗಿ ಮಸೂದೆಯು ಶಾಸನವಾಗಲಿಲ್ಲ.

ಶಾಸನಕ್ಕಾಗಿ ಕಾಯದೆಯೂ ಮಾಡಬಹುದಾದುದುಂಟು. ಗೊತ್ತಾದ ಹೊತ್ತಿನ ತರುವಾಯ ಕಚೇರಿಯ ಸಂದೇಶಗಳ ಸದ್ದನ್ನಡಗಿಸುವ ಏರ್ಪಾಡು ಮೊಬೈಲಿನಲ್ಲಿಯೇ ಇದೆ. ರಾತ್ರಿ ಬರೆದ ಪತ್ರವನ್ನು ಬೆಳಿಗ್ಗೆ ತಲಪುವಂತೆ ಕಳುಹಿಸಲೂ ಬರುವುದು. ಪೋಷಕರಲ್ಲಿಯೂ ನಮ್ಮದೊಂದು ಅರಿಕೆ: ರಾತ್ರಿ ಹತ್ತು ಗಂಟೆಗೆ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆ ಕೇಳುವ ಮುನ್ನ, ಉಪಾಧ್ಯಾಯಿನಿಗೂ ಮನೆಯುಂಟು, ಮಕ್ಕಳುಂಟು ಎಂಬುದನ್ನು ದಯವಿಟ್ಟು ನೆನೆಯಿರಿ.