ತೊಗರಿ ನಾಡಿನ ಕೂಸಿಗೆ ಬೇಳೆಕಟ್ಟು

ಚಿಂಚೋಳಿಗೆ ಅಂಟಿಕೊಂಡೇ ಇರುವ ಚಂದಾಪುರದಿಂದ ಡಿಸೆಂಬರ್ ಹೊತ್ತಿಗೆ ಸೇಡಂ, ಚಿತ್ತಾಪುರದ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಕೊಯ್ಲಿಗೆ ಬಂದ ತೊಗರಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಇಷ್ಟು ಬೇಳೆ ಬೆಳೆಯುವ ಸೀಮೆಯಲ್ಲೇ ಎಂಟು ತಿಂಗಳ ಕೂಸಿನ ಬಟ್ಟಲಿಗೆ ಬೀಳುವುದು ಮಾತ್ರ ಬೇಳೆಯಲ್ಲ, ಬೇಳೆಕಟ್ಟು. ಬೆಂದ ಬೇಳೆಯ ಮೇಲೆ ನಿಲ್ಲುವ ತಿಳಿ ನೀರನ್ನು ಸೌಟಿನಿಂದ ಬಗ್ಗಿಸಿ, ಚೂರು ಉಪ್ಪು ಹಾಕಿ ಕುಡಿಸುತ್ತಾರೆ. ತಳದ ಗಟ್ಟಿ ಬೇಳೆ ದೊಡ್ಡವರ ರೊಟ್ಟಿಗೆ.

ಇದು ಜಿಪುಣತನವಲ್ಲ. ಕುದಿಯುವಾಗ ಬೇಳೆಯ ಕಸುವೆಲ್ಲ ನೀರಿಗೆ ಬಿಟ್ಟಿರುತ್ತದೆ, ಹಲ್ಲಿಲ್ಲದ ಕೂಸಿಗೆ ಗಟ್ಟಿ ಊಟ ಕೊಟ್ಟರೆ ಅರಗದೆ ಹೊಟ್ಟೆ ಕಲ್ಲಾಗುತ್ತದೆ ಎಂಬುದು ಮನೆಯ ಹಿರಿಯರ ನಂಬಿಕೆ. ಕೂಸಿಗೆ ಒಳ್ಳೆಯದಾಗಲಿ ಎಂದೇ ತಿಳಿಯನ್ನು ಅದಕ್ಕೆ ಎತ್ತಿಡುತ್ತಾರೆ.

ಲೆಕ್ಕ ತಪ್ಪುವುದು ಹೊಟ್ಟೆಯ ಅಳತೆಯಲ್ಲಿ. ಎಳೆಯ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಅದರ ತೂಕದ ಪ್ರತಿ ಕಿಲೋಗೆ ಸುಮಾರು 30 ಗ್ರಾಂ ಆಹಾರ. ಏಳು ಕಿಲೋದ ಕೂಸಿಗೆ ಇನ್ನೂರು ಗ್ರಾಮಿನ ಆಸುಪಾಸು, ಅಂದರೆ ಒಂದು ಚಹಾ ಲೋಟದ ತುಂಬ. ಆ ಲೋಟದಷ್ಟು ಜಾಗವನ್ನು ನೀರೇ ತುಂಬಿದರೆ ಕೂಸು ಅಳು ನಿಲ್ಲಿಸುತ್ತದೆ, ನಿದ್ದೆಗೂ ಜಾರುತ್ತದೆ. ಮೈಗೆ ಹತ್ತುವುದು ಏನೂ ಇಲ್ಲ. ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸುವ ಪರೀಕ್ಷೆ ಸರಳ: ಚಮಚ ಓರೆ ಮಾಡಿದಾಗ ಊಟ ಸುಲಭವಾಗಿ ಸುರಿದುಹೋಗಬಾರದು. ಅನ್ನ ಅಥವಾ ಜೋಳದ ನುಚ್ಚಿಗೆ ತಳದ ಬೇಳೆ ಕಿವುಚಿ, ಮೇಲೆ ಒಂದು ಚಮಚ ಎಣ್ಣೆಯೋ ತುಪ್ಪವೋ ಹಾಕಿದರೆ ಅದೇ ಲೋಟದಷ್ಟು ಜಾಗದಲ್ಲಿ ಎಷ್ಟೋ ಪಟ್ಟು ಶಕ್ತಿ ಹಿಡಿಸಬಹುದು. ಹಲ್ಲು ಬೇಕಾಗುವುದಿಲ್ಲ, ಆರು ತಿಂಗಳು ತುಂಬಿದ ಕೂಸು ಕಿವುಚಿದ ಊಟವನ್ನು ಒಸಡಿನಲ್ಲೇ ನಿಭಾಯಿಸುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ರಕ್ತಹೀನತೆ ಇರುವ ಎಳೆಯರ ಪ್ರಮಾಣ ಹಿಂದಿನ ಸಮೀಕ್ಷೆಯಲ್ಲಿ ಶೇ 60.9 ಇದ್ದದ್ದು ಶೇ 65.5ಕ್ಕೆ ಏರಿದೆ. ದೇಶದಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಬೇಕಾದಷ್ಟು ಸಲ, ಬೇಕಾದಷ್ಟು ಬಗೆಯ ಊಟ ಸಿಗುತ್ತಿರುವುದು ಶೇ 11.3 ಮಕ್ಕಳಿಗೆ ಮಾತ್ರ. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಈ ಪಟ್ಟಿಗಳ ಕೆಳತುದಿಯಲ್ಲಿರುವುದು ಹಳೆಯ ಸುದ್ದಿ. ಚಿಂಚೋಳಿ, ಸೇಡಂ, ಚಿತ್ತಾಪುರ ತಾಲ್ಲೂಕುಗಳನ್ನು ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಅತ್ಯಂತ ಹಿಂದುಳಿದವುಗಳ ಸಾಲಿಗೆ ಸೇರಿಸಿತ್ತು.

ನಂಬಿಕೆಗಳು ಬದಲಾಗುವುದೇ ಇಲ್ಲ ಎನ್ನುವ ಹಾಗೂ ಇಲ್ಲ. ಹೆತ್ತ ಮೊದಲ ದಿನಗಳ ಹಳದಿ ಗಿಣ್ಣು ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ರೂಢಿ ಒಂದು ತಲೆಮಾರಿನ ಹಿಂದೆ ಸಾಮಾನ್ಯವಾಗಿತ್ತು. ಈಗ ರಾಜ್ಯದ ಶೇ 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುವುದರಿಂದ ನರ್ಸಮ್ಮನೇ ಕೂಸನ್ನು ಎದೆಗೆ ಹಚ್ಚುತ್ತಾಳೆ. ವಾದ ಮಾಡಿ ಯಾರನ್ನೂ ಗೆದ್ದದ್ದಲ್ಲ, ಹೆರಿಗೆಯ ಜಾಗ ಬದಲಾಯಿತು ಅಷ್ಟೆ. ಆದರೆ ಮನೆಗೆ ಬಂದ ಮೇಲೆ ಗುಟ್ಟಿ ತೇಯ್ದು ನೆಕ್ಕಿಸುವುದು, ನಾಲಿಗೆಗೆ ಜೇನು ಸವರುವುದು ಹಾಗೇ ಉಳಿದಿದೆ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ಕೊಡಲೇಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ಎಳೆಗರುಳಿನಲ್ಲಿ ವಿಷ ಹುಟ್ಟಿಸಬಲ್ಲದು.

ಹಿರಿಯರು ಹೇಳಿದ್ದೆಲ್ಲ ಸುಳ್ಳೆಂದರೆ ಅದೂ ಅನ್ಯಾಯ. ಬಾಣಂತಿಗೆ ಕೊಡುವ ಅಳ್ವಿ ಪಾಯಸ, ಅಂಟಿನ ಉಂಡಿ, ಸಬ್ಬಸಗಿ ಪಲ್ಯ ಒಳ್ಳೆಯ ಆಹಾರವೇ. ಅಳ್ವಿಯಲ್ಲಿ ಕಬ್ಬಿಣದ ಅಂಶ ಧಾರಾಳವಾಗಿದೆ. ಅದೇ ಬಾಣಂತಿಗೆ ನೀರು ಕಡಿಮೆ ಕುಡಿ ಎನ್ನುವುದು, ಬಸುರಿಯಾಗಿದ್ದಾಗ ಕೂಸು ದಪ್ಪಗಾಗಿ ಹೆರಿಗೆ ಕಷ್ಟವಾದೀತೆಂದು ಅರ್ಧ ಹೊಟ್ಟೆ ಉಣ್ಣಿಸುವುದು ಬೇರೆ ಮಾತು. ಹೊಟ್ಟೆಯಲ್ಲೇ ಬಡವಾದ ಕೂಸು ಕಡಿಮೆ ತೂಕದಲ್ಲಿ ಹುಟ್ಟಿ, ಆಮೇಲೆ ಎಷ್ಟು ಓಡಿದರೂ ಹಿಂದೆಯೇ ಉಳಿಯುವ ಸಂಭವ ಹೆಚ್ಚು.

ಉಷ್ಣ–ಥಂಡಿಯ ಲೆಕ್ಕ ಇನ್ನೂ ಬಿಗಿ. ತತ್ತಿ ಉಷ್ಣ, ಶೇಂಗಾ ಪಿತ್ತ, ಬಾಳೆಹಣ್ಣು ಮತ್ತು ಮೊಸರು ಥಂಡಿ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಉಷ್ಣದ ಭಯ ಹುಟ್ಟುವುದು ಸಹಜವೇ. ಆದರೆ ಬೇಸಿಗೆಯಲ್ಲಿ ಉಷ್ಣದ್ದನ್ನೂ ಮಳೆ-ಚಳಿಗಾಲದಲ್ಲಿ ಥಂಡಿಯದ್ದನ್ನೂ ಕಳೆಯುತ್ತ ಹೋದರೆ ಕೊನೆಗೆ ಉಳಿಯುವುದು ಚಹಾದಲ್ಲಿ ಅದ್ದಿದ ಐದು ರೂಪಾಯಿ ಪುಡಿಕೆಯ ಬಿಸ್ಕತ್ತು! ಅದು ಉಷ್ಣವೂ ಅಲ್ಲ, ಥಂಡಿಯೂ ಅಲ್ಲ. ಯಾವ ಅಜ್ಜಿಯೂ ಅದಕ್ಕೆ ಪಥ್ಯ ಹೇಳಿಲ್ಲ. ಊಟದ ಜೊತೆಗಿನ ಚಹಾ ಆಹಾರದಲ್ಲಿನ ಕಬ್ಬಿಣ ಮೈಗೆ ಸೇರದಂತೆ ತಡೆಯುತ್ತದೆ ಎಂಬುದು ಬಿಸ್ಕತ್ತು ಕೊಳ್ಳುವವರಿಗೆ ಯಾರೂ ಹೇಳದ ಸಂಗತಿ.

ಬಿಸ್ಕತ್ತಿನ ಹಿಂದೆ ನಂಬಿಕೆಗಿಂತ ಹೆಚ್ಚಾಗಿ ಕೂಲಿಯಿದೆ. ಶಹಾಬಾದಿನ ಫರಸಿ ಕಲ್ಲಿನ ಕೆಲಸ, ವಾಡಿ–ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಗಳ ಸುತ್ತಲಿನ ದಿನಗೂಲಿ, ತೊಗರಿ ರಾಶಿ, ಯಾವುದಕ್ಕೆ ಹೋದರೂ ತಾಯಿ ನಸುಕಿನಲ್ಲೇ ರೊಟ್ಟಿ ಬಡಿದು ಹೊರಡಬೇಕು. ಕೂಸು ಉಳಿಯುವುದು ಅಜ್ಜಿಯ ಬಳಿ, ಅಜ್ಜಿ ಇಲ್ಲದ ಮನೆಯಲ್ಲಿ ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲೆ. ಆ ಹುಡುಗಿಗೆ ಬೇಳೆ ಕಿವುಚಿ ಉಣ್ಣಿಸುವ ತಾಳ್ಮೆ ಎಲ್ಲಿಂದ ಬರಬೇಕು? ಕೈಗೆ ಬಿಸ್ಕತ್ತು ಕೊಟ್ಟರೆ ಮಗು ಸುಮ್ಮನಾಗುತ್ತದೆ. ಅಂಗನವಾಡಿಯ ಸಲಹೆಯೆಲ್ಲ ಸೊಸೆಗೆ, ಒಲೆಯ ಯಜಮಾನಿಕೆ ಅತ್ತೆಗೆ. ತಾಯಂದಿರ ಸಭೆಗೆ ಅತ್ತೆಯರನ್ನು ಕರೆಯದಿದ್ದರೆ ಆ ಸಭೆಯಿಂದ ಅರ್ಧ ಕೆಲಸವೂ ಆಗುವುದಿಲ್ಲ.

ಭೇದಿ ಶುರುವಾದಾಗ ಈ ತೊಡಕು ಪ್ರಾಣಕ್ಕೇ ಬರುತ್ತದೆ. “ಹಲ್ಲು ಬರ್ಲತ್ಯಾವ್ರಿ ಅಕ್ಕೋರೆ, ಅದಕ್ಕ ಹೊಟ್ಟಿ ಕೆಟ್ಟದ” ಎಂಬ ಮಾತು ಈ ಕಡೆಯ ಅಂಗನವಾಡಿಗಳಲ್ಲಿ ಹೊಸದಲ್ಲ. ಹಲ್ಲು ಮೂಡುವ ವಯಸ್ಸೂ, ಅಂಬೆಗಾಲಿಟ್ಟು ನೆಲದ ಮೇಲಿನದೆಲ್ಲ ಬಾಯಿಗೆ ಹಾಕುವ ವಯಸ್ಸೂ ಒಂದೇ ಆದ್ದರಿಂದ ತಪ್ಪು ಹಲ್ಲಿನ ಮೇಲೆ ಹೋಗುತ್ತದೆ. ಹೊಟ್ಟೆಗೆ ವಿಶ್ರಾಂತಿ ಸಿಗಲೆಂದು ಊಟ, ನೀರು ಎರಡನ್ನೂ ನಿಲ್ಲಿಸುತ್ತಾರೆ. ಮಾಡಬೇಕಾದದ್ದು ಇದರ ತದ್ವಿರುದ್ಧ: ಓಆರ್‌ಎಸ್ ನೀರು, ಎದೆಹಾಲು, ಮೆತ್ತಗಿನ ಊಟ, ಜೊತೆಗೆ 14 ದಿನ ಜಿಂಕ್ ಮಾತ್ರೆ. ಓಆರ್‌ಎಸ್ ಪೊಟ್ಟಣ ಆಶಾ ಕಾರ್ಯಕರ್ತೆಯ ಚೀಲದಲ್ಲೇ ಇರುತ್ತದೆ. ಕೂಸು ಬಡಕಲಾದರೆ ಬಾಲಗ್ರಹವೆಂದು ತಾಯಿತ ಕಟ್ಟುವುದು, ಬರೆ ಎಳೆಯುವುದು ಇನ್ನೊಂದು ದಾರಿ. ಬರೆಯ ಗಾಯ ಕೀವಾದರೆ ಸೊರಗಿದ ಮೈಗೆ ತಡೆದುಕೊಳ್ಳುವ ತ್ರಾಣ ಇರುವುದಿಲ್ಲ.

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಹೊತ್ತು ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಹೆತ್ತವರೇ ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತು ನಿಲ್ಲಿಸಿದ ಚಿತ್ರ ದೇಶದ ತುಂಬ ಹರಿದಾಡಿತು. ಗ್ರಹಣದ ಮಣ್ಣಿನಿಂದ ಅಂಗವೈಕಲ್ಯ ವಾಸಿಯಾಗುತ್ತದೆಂಬ ನಂಬಿಕೆ ಅದು. ಟೀವಿಗಳು ಮೌಢ್ಯವೆಂದು ಬೈದವು, ಬೈಗುಳ ಸರಿಯೇ. ಆದರೆ ವಾರಕ್ಕೊಮ್ಮೆಯಾದರೂ ಫಿಸಿಯೋಥೆರಪಿ ಕೈಗೆಟುಕುವ ದೂರದಲ್ಲಿದ್ದಿದ್ದರೆ ಆ ತಂದೆತಾಯಿ ಗ್ರಹಣಕ್ಕೆ ಕಾಯುತ್ತಿದ್ದರೇ ಎಂದು ಕೇಳಿದವರು ಕಡಿಮೆ.

ಸರ್ಕಾರದ ಊಟದ ಯೋಜನೆಗಳಿಗೇನೂ ಕೊರತೆಯಿಲ್ಲ. 1975ರಲ್ಲಿ ಶುರುವಾದ ಅಂಗನವಾಡಿಯಲ್ಲಿ ಮೂರರಿಂದ ಆರು ವರ್ಷದವರು ಕೂತು ಉಣ್ಣುತ್ತಾರೆ. 2013ರಿಂದ ಕ್ಷೀರಭಾಗ್ಯದ ಹಾಲು, 2017ರಿಂದ ಬಸುರಿ–ಬಾಣಂತಿಯರಿಗೆ ಮಾತೃಪೂರ್ಣದ ಬಿಸಿಯೂಟ ಬಂದವು. ನಡುವೆ ಜಾರಿಹೋಗುವುದು ಆರು ತಿಂಗಳಿಂದ ಮೂರು ವರ್ಷದ ಕೂಸು. ಅದರ ಪಾಲು ಮನೆಗೆ ಒಯ್ಯುವ ಪೊಟ್ಟಣದಲ್ಲಿ ಬರುತ್ತದೆ, ಮನೆಗೆ ಹೋದ ಪೊಟ್ಟಣ ಐದು ಬಾಯಿಗೆ ಹಂಚಿಹೋಗುತ್ತದೆ. ತೋಳಿನ ಅಳತೆಪಟ್ಟಿ 11.5 ಸೆಂಟಿಮೀಟರಿಗಿಂತ ಕೆಳಗೆ, ಕೆಂಪಿಗೆ ಇಳಿದಾಗ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿ ಎನ್ನುತ್ತಾರೆ. ಅಲ್ಲಿ ಎರಡು ವಾರ ಇರಬೇಕು. ಉಳಿದ ಮಕ್ಕಳನ್ನು ಯಾರ ಬಳಿ ಬಿಟ್ಟು ಹೋಗಲಿ ಎಂಬ ತಾಯಿಯ ಪ್ರಶ್ನೆಗೆ ಅಳತೆಪಟ್ಟಿಯಲ್ಲಿ ಉತ್ತರವಿಲ್ಲ.

2023–24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಈ ಸಂದಿಗೆ ಕೈಹಾಕಿದ ಯೋಜನೆ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರು ಮೂರು ವರ್ಷದೊಳಗಿನ ಮಕ್ಕಳನ್ನು ಅಲ್ಲಿ ಬಿಡಬಹುದು. ಉಣ್ಣಿಸುವ ಕೈ ಅಲ್ಲೇ ಇರುತ್ತದೆ, ತಳದ ಬೇಳೆ ಕಿವುಚಲು ಪುರುಸೊತ್ತೂ ಇರುತ್ತದೆ. ಕಲ್ಲು ಒಡೆಯುವ ಹೆಂಗಸಿಗೂ ರಾಶಿಗೆ ಹೋಗುವ ಹೆಂಗಸಿಗೂ ಅದರ ಬಾಗಿಲು ತೆರೆಯಬೇಕು. ಚಿಂಚೋಳಿ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಮುಂಬಯಿ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಡುವ ಕುಟುಂಬಗಳ ಕೂಸುಗಳಂತೂ ಊರಿನ ಅಂಗನವಾಡಿಯ ತೂಕದ ಪುಸ್ತಕದಿಂದಲೂ ಹೊರಗೇ ಉಳಿಯುತ್ತವೆ. ಅವು ಹೋದಲ್ಲಿ ತೂಕ ಹಿಡಿದು ಬರೆದುಕೊಳ್ಳುವ ಏರ್ಪಾಡನ್ನು ಮೂರು ರಾಜ್ಯಗಳ ಇಲಾಖೆಗಳು ಕೂತು ಮಾಡಿಕೊಳ್ಳಬೇಕಾಗಿದೆ.